ವಿಯೆನ್ನಾ ಬಾಗಿಲಿನ ಸೊಪ್ಪಿನ ಕಟ್ಟು

ಬೋರ್ಡು ಓದುವ ವಿದ್ಯೆಯಲ್ಲಿ ಚನ್ನಪಟ್ಟಣ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ ಎಂಬುದನ್ನು ಮೊದಲೇ ವಿನಯದಿಂದ ತಿಳಿಸಿಬಿಡುತ್ತೇನೆ. ಇದು ನಾನಾಗಿ ಹೇಳಿಕೊಂಡಿದ್ದಲ್ಲ, ಜನ ಹೇಳಿದ್ದು. ಜನ ಹೇಳಲಿ ಎಂದು ನಾನು ಕಾದಿದ್ದೆ, ಅಷ್ಟೆ.

ಹೊಂಗನೂರಿನ ಬೇಸಾಯದ ಮನೆಯ ಹುಡುಗಿಯನ್ನು ಆ ಕಾಲದಲ್ಲಿ ಮೈಸೂರಿನ ಕಾನ್ವೆಂಟಿಗೆ ಹಾಕಿದ್ದೇ ದೊಡ್ಡ ಸುದ್ದಿ. ಅಲ್ಲಿ ಸಿಸ್ಟರುಗಳು ನನಗೆ ಬೆನ್ನು ನೆಟ್ಟಗಿಟ್ಟುಕೊಂಡು ಕೂರುವುದನ್ನು, ಸೂಪನ್ನು ಸದ್ದಿಲ್ಲದೆ ಕುಡಿಯುವುದನ್ನು, ಎಂಥ ಕೆಟ್ಟ ಸುದ್ದಿಯನ್ನಾದರೂ ‘ಐ ರಿಗ್ರೆಟ್ ಟು ಇನ್ಫಾರ್ಮ್ ಯು’ ಎಂದೇ ಶುರು ಮಾಡುವುದನ್ನು ಕಲಿಸಿದರು. ಆಮೇಲೆ ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದೆ. ಇಲ್ಲಿ ಸೂಪೂ ಇರಲಿಲ್ಲ, ರಿಗ್ರೆಟ್ಟಿಗೆ ಪುರಸೊತ್ತೂ ಇರಲಿಲ್ಲ. ನನ್ನ ಇಂಗ್ಲಿಷು ಟ್ರಂಕಿನ ತಳದ ಧಾರೆ ಸೀರೆಯಂತೆ ನುಸಿಗುಳಿಗೆ ವಾಸನೆ ಹಿಡಿದು ಮಲಗಿತು. ವರ್ಷಗಟ್ಟಲೆ ಅದಕ್ಕೆ ಇದ್ದ ಕೆಲಸವೆಂದರೆ ಮಾತ್ರೆಯ ಹಾಳೆ ಓದಿ ಅತ್ತೆಗೆ ಹೇಳುವುದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನೋಡಿ, ನನ್ನ ದೆಸೆ ತಿರುಗಿತು. ಬಿಡದಿಯಿಂದ ಈಚೆಗೆ ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳು ಎದ್ದವು. ರಾಗಿ ಹೊಲಕ್ಕೆ ಕಾಂಪೌಂಡ್ ಬಂತು, ಕಾಂಪೌಂಡಿಗೆ ಗೇಟು ಬಂತು, ಗೇಟಿಗೆ ಬೋರ್ಡು ಬಂತು. ಬೋರ್ಡೆಲ್ಲ ಇಂಗ್ಲಿಷಿನಲ್ಲಿ! ಹಳ್ಳಿಯವರು ಬಂದು, ಅಲ್ಲೇನೋ ಬರೆದವರೆ, ಒಸಿ ಬಂದು ನೋಡಿ ಅಮ್ಮ ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ನಾನು ಕನ್ನಡಕ ಏರಿಸಿ, ಗಂಟಲು ಸರಿ ಮಾಡಿಕೊಂಡು, ಮೊದಲು ಇಂಗ್ಲಿಷಿನಲ್ಲಿ ಓದಿ ಆಮೇಲೆ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಒಂದು ಸಲ ನಮ್ಮಪ್ಪನ ಹಿಪ್ಪುನೇರಳೆ ತೋಟವಿದ್ದ ಜಾಗಕ್ಕೇ ಕರೆದುಕೊಂಡು ಹೋದರು. ಅತಿಕ್ರಮಿಸಿ ಒಳಬಂದವರ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂದಿತ್ತು. ಅಲ್ಲೇ ಹುಟ್ಟಿ ಬೆಳೆದ ನನ್ನ ದಾಯಾದಿ ತಮ್ಮ ಹಸುವಿನ ಹಗ್ಗ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡ. “ನಂಗೆ ಗೊತ್ತಾಯ್ತು ಕಣಕ್ಕ, ಈ ಹಸೂಗೆ ಯಾರ್ ಹೇಳೋರು?” ಅಂದ. ಅವತ್ತು ಮಾತ್ರ ಓದುವುದಕ್ಕೆ ಬಾರದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಇರಲಿ, ನಾನು ಹೇಳಹೊರಟದ್ದು ಬೇರೆ.

ನಮ್ಮ ಬೀದಿಯ ಕೊನೆಯ ಮನೆ ಶಕೀಲಾಳದು. ಗೊಂಬೆ ಕಡೆಯುವ ಮನೆತನ. ಗಂಡ ತೀರಿಕೊಂಡ ಮೇಲೆ ಅವನ ಲೇತ್ ಮೆಷಿನ್ನುಗಳನ್ನು ಮಾರದೆ, ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ಶೆಡ್ಡು ನಡೆಸುತ್ತಿದ್ದಳು. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚಿ ಗಿಲಕಿ, ಬುಗುರಿ, ಒಂದರ ಮೇಲೊಂದು ಕೂರುವ ಉಂಗುರಗಳನ್ನು ಮಾಡುತ್ತಿದ್ದರು. ಆದರೆ ಸಂತೆಗೆ ಚೀನಾದ ಪ್ಲಾಸ್ಟಿಕ್ ಗೊಂಬೆ ಬಂದು ಕೂತಿತ್ತು. ಬೆಳಗಾದರೆ ಬೀದಿಯ ಮೂಲೆಯಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಶೆಡ್ಡಿನಿಂದ ಒಬ್ಬೊಬ್ಬಳೇ ಎದ್ದು ಅದನ್ನು ಹತ್ತುತ್ತಿದ್ದಳು.

ಇಂಥ ಹೊತ್ತಿನಲ್ಲಿ ಕರಕುಶಲ ವಸ್ತುಗಳ ಸಂಸ್ಥೆಯೊಂದು ಶಕೀಲಾಳನ್ನು ವಿಯೆನ್ನಾ ನಗರದ ಮೇಳಕ್ಕೆ ಆರಿಸಿತು. ಅಲ್ಲಿ ಮಾರ್ಥಾ ಎಂಬ ಹೆಂಗಸಿಗೆ ಮಕ್ಕಳ ಆಟಿಕೆಯ ದೊಡ್ಡ ಅಂಗಡಿಯಿದೆ, ಆಕೆಗೆ ನಮ್ಮ ಗಿಲಕಿ ಇಷ್ಟವಾದರೆ ಆರ್ಡರ್ ಸಿಗುತ್ತದೆ ಎಂದರು. ಜೊತೆಗೆ ಇಂಗ್ಲಿಷ್ ಬಲ್ಲವರೊಬ್ಬರು ಹೋಗಬಹುದು ಎಂದರು. ಶಕೀಲಾ ಸೀದಾ ನಮ್ಮ ಮನೆಗೆ ಬಂದಳು.

“ಈ ಆರ್ಡರ್ ಸಿಕ್ರೆ ಶೆಡ್ ಉಳೀತದೆ ಅಮ್ಮ. ಸಿಗ್ನಿಲ್ಲ ಅಂದ್ರೆ ಬೀಗ ಹಾಕ್ಬುಟ್ಟು ನಾನೂ ಆ ವ್ಯಾನೇ ಹತ್ತಬೇಕು. ನೀವು ಬತ್ತೀರಾ?”

ಬರುತ್ತೀರಾ ಎಂದು ಕೇಳಬೇಕೇ! ಅರವತ್ತು ದಾಟಿದ ಮೇಲೆ ನನ್ನ ಇಂಗ್ಲಿಷಿಗೆ ವಿಮಾನಯೋಗ ಬಂದಿತ್ತು. ರೇಷ್ಮೆ ಇಲಾಖೆಯಲ್ಲಿದ್ದು ರಿಟೈರ್ ಆದ ನಮ್ಮ ಯಜಮಾನರು ಮಾತ್ರ ಪೇಪರಿನಿಂದ ತಲೆಯೆತ್ತದೆ, ಅಲ್ಲಿಯವರು ಇಂಗ್ಲಿಷ್ ಆಡುವುದಿಲ್ಲ, ಜರ್ಮನ್ ಆಡುತ್ತಾರೆ ಎಂದರು. ಬೋರ್ಡು ಎಲ್ಲಿದ್ದರೂ ಬೋರ್ಡೇ ಎಂದೆ ನಾನು. “ಹೂಂ ಕಣೆ ಸುಶೀಲಾ, ಹೋಗ್ಬುಟ್ಟು ಬಾ. ಬೋರ್ಡೇ ನಿನ್ನ ಓದ್ಕೊಂಡಾತು” ಎಂದರು. ಆಗ ಇದು ಬರೀ ಕುಹಕ ಎಂದುಕೊಂಡಿದ್ದೆ.

ವಿಯೆನ್ನಾದಲ್ಲಿ ಇಳಿದಾಗ ಯಜಮಾನರ ಮಾತಿನ ಮೊದಲರ್ಧ ನಿಜವಾಯಿತು. ಅಕ್ಷರಗಳೆಲ್ಲ ಎ ಬಿ ಸಿ ಡಿಗಳೇ, ಆದರೆ ಒಂದೊಂದು ಪದವೂ ಗೂಡ್ಸ್ ರೈಲಿನಷ್ಟು ಉದ್ದ. ಎಂಜಿನ್ನಿನಿಂದ ಓದಲು ಶುರು ಮಾಡಿದರೆ ಗಾರ್ಡಿನ ಡಬ್ಬಿ ತಲುಪುವುದರೊಳಗೆ ಎಂಜಿನ್ನು ಮರೆತುಹೋಗುತ್ತಿತ್ತು. ನಾನು ಧೈರ್ಯಗೆಡಲಿಲ್ಲ. ಪುಣ್ಯಕ್ಕೆ ಆ ಊರಿನಲ್ಲಿ ಎಲ್ಲದಕ್ಕೂ ಚಿತ್ರದ ಬೋರ್ಡುಗಳಿದ್ದವು. ಚಿತ್ರ ಓದುವುದಕ್ಕೆ ಭಾಷೆ ಬೇಕೇ?

ವಿಮಾನ ನಿಲ್ದಾಣದಲ್ಲಿ ಹಸಿರು ಬೋರ್ಡಿನ ಮೇಲೆ ಒಬ್ಬ ಮನುಷ್ಯ ಬಾಗಿಲಿನ ಕಡೆ ಎದ್ದುಬಿದ್ದು ಓಡುತ್ತಿದ್ದ. ಇದೇನು ಎಂದಳು ಶಕೀಲಾ. ವಿಮಾನಕ್ಕೆ ಲೇಟಾದವರು ಓಡುವ ಬಾಗಿಲು ಎಂದು ತಕ್ಷಣ ತಿಳಿಸಿದೆ. ಹೋಟೆಲಿಗೆ ಹೋದರೆ ನಮ್ಮ ರೂಮಿನ ಪಕ್ಕದಲ್ಲೇ ಅದೇ ಮನುಷ್ಯ ಅದೇ ಬಾಗಿಲಿನ ಕಡೆ ಓಡುತ್ತಿದ್ದಾನೆ. ಇಲ್ಲಿಂದ ಯಾವ ವಿಮಾನಕ್ಕೆ ಅಮ್ಮ ಎಂದು ಅವಳು ಕೇಳಿದಳು. ಈ ಊರಿನವರಿಗೆ ಟೈಮ್ ಸೆನ್ಸ್ ಜಾಸ್ತಿ ಎಂದು ಸಾಗಹಾಕಿದೆ.

ಮಾರನೆಯ ದಿನ ಪಾರ್ಕಿನ ದಾರಿಯಲ್ಲಿ ನೀಲಿ ಬೋರ್ಡು. ಹ್ಯಾಟು ಹಾಕಿದ ಗಂಡಸೊಬ್ಬ ಪುಟ್ಟ ಹುಡುಗಿಯ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಾನೆ. ಮಕ್ಕಳ ಕಳ್ಳರಿದ್ದಾರೆ, ಎಚ್ಚರಿಕೆ ಎಂದು ಶಕೀಲಾಳಿಗೆ ವಿವರಿಸಿದೆ. ಅಷ್ಟರಲ್ಲಿ ಎದುರಿಗೇ ಹ್ಯಾಟು ಹಾಕಿದ ಮುದುಕನೊಬ್ಬ ಪುಟ್ಟ ಹುಡುಗಿಯ ಕೈ ಹಿಡಿದು ಬಂದೇ ಬಂದ! ನಾವಿಬ್ಬರೂ ಕರ್ತವ್ಯಪ್ರಜ್ಞೆಯಿಂದ ಅವನನ್ನು ಬೀದಿಯುದ್ದಕ್ಕೂ ಹಿಂಬಾಲಿಸಿದೆವು. ಅವನು ತಿರುಗಿ ತಿರುಗಿ ನೋಡುತ್ತಾ ಹೆಜ್ಜೆ ಜೋರು ಮಾಡಿದ. ಕಳ್ಳನೇ ಇರಬೇಕು ಎಂದು ನಾವೂ ಜೋರು ಮಾಡಿದೆವು. ಕೊನೆಗೆ ಅವನು ಮೊಮ್ಮಗಳನ್ನು ಎತ್ತಿಕೊಂಡು ಐಸ್‌ಕ್ರೀಮ್ ಅಂಗಡಿಗೆ ನುಗ್ಗಿ ಒಳಗಿನಿಂದ ನಮ್ಮನ್ನೇ ದಿಟ್ಟಿಸುತ್ತಾ ನಿಂತ. ಅದು ನಡೆದು ಹೋಗುವವರ ದಾರಿ ಎಂಬ ಬೋರ್ಡಂತೆ. ಮೇಳದಲ್ಲಿ ಪಕ್ಕದ ಸ್ಟಾಲಿನವರು ತಿಳಿಸಿದರು.

ಶೌಚಾಲಯದ ಮುಂದೆ ಎರಡು ಚಿತ್ರಗಳಿದ್ದವು. ಒಂದಕ್ಕೆ ಲಂಗ, ಇನ್ನೊಂದಕ್ಕೆ ಎರಡು ಕಾಲು. ನಾನು ಸೀರೆಯವಳು, ಲಂಗದ ಕಡೆ ನಡೆದೆ. ಚೂಡಿದಾರ್ ಹಾಕಿದ್ದ ಶಕೀಲಾ ಅಲ್ಲೇ ನಿಂತು, ತನ್ನ ಎರಡು ಕಾಲನ್ನೂ ಬೋರ್ಡಿನ ಎರಡು ಕಾಲನ್ನೂ ಹೋಲಿಸಿ ನೋಡುತ್ತಿದ್ದಳು. “ನಂದ್ ಯಾವ್ ಕಡೆ ಅಮ್ಮ? ಬಟ್ಟೆ ನೋಡಿದ್ರೆ ಆ ಕಡೆ ಐತೆ” ಎಂದಳು. ಕೈ ಹಿಡಿದು ಎಳೆದುಕೊಂಡು ಹೋದೆ.

ಇಷ್ಟಾದರೂ ನನ್ನ ಆತ್ಮವಿಶ್ವಾಸ ಕುಂದಲಿಲ್ಲ. ಕುಂದಿದ್ದರೆ ಎಷ್ಟು ಚೆನ್ನಾಗಿತ್ತು.

ಮೇಳ ಮುಗಿಯುವುದಕ್ಕೆ ಇನ್ನೆರಡು ದಿನವಿದೆ ಎನ್ನುವಾಗ ಮಾರ್ಥಾ ಬಂದಳು. ಎತ್ತರದ, ನರೆಗೂದಲಿನ, ಮಿತಭಾಷಿ ಹೆಂಗಸು. ಗಿಲಕಿಯನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿ ಅಲ್ಲಾಡಿಸಿದಳು. ಉಂಗುರಗಳ ಅಂಚಿನ ಮೇಲೆ ಬೆರಳು ಓಡಿಸಿದಳು. ಶಕೀಲಾ ಅವಳ ಬೆರಳನ್ನೇ ನೋಡುತ್ತಿದ್ದಳು. ಮಾರ್ಥಾ ಇಂಗ್ಲಿಷಿನಲ್ಲಿ, ನಾಳೆ ಸಂಜೆ ಊರಾಚೆ ನನ್ನ ತಮ್ಮನ ಮನೆಗೆ ಬನ್ನಿ, ಅಲ್ಲಿ ಊಟ ಮಾಡುತ್ತಾ ಆರ್ಡರಿನ ವಿಚಾರ ಮಾತಾಡೋಣ, ಬಾಗಿಲು ತೆರೆದಿರುತ್ತದೆ, ಸೀದಾ ಒಳಗೆ ಬಂದುಬಿಡಿ ಎಂದಳು. ಟ್ರಾಮಿನ ನಂಬರನ್ನೂ ವಿಳಾಸವನ್ನೂ ಬರೆದುಕೊಟ್ಟಳು. ಆ ರಾತ್ರಿ ಶಕೀಲಾ ಫೋನಿನಲ್ಲಿ ಶೆಡ್ಡಿನವರಿಗೆ, ವ್ಯಾನಿನವನಿಗೆ ಒಂದು ವಾರ ತಡಿ ಅಂತ ಹೇಳ್ರೇ ಎಂದಳು.

ಮರುದಿನ ಸಂಜೆ ಹೊರಟೆವು. ಟ್ರಾಮ್ ಇಳಿದರೆ ಊರೇ ಮುಗಿದು ಹಳ್ಳಿ ಶುರುವಾಗಿತ್ತು. ಗುಡ್ಡದ ಇಳಿಜಾರಿನಲ್ಲಿ ಸಾಲು ಸಾಲಾಗಿ ಮೊಳಕಾಲೆತ್ತರದಿಂದ ಆಳೆತ್ತರದವರೆಗೆ ಬೆಳೆದ ಹಸಿರು ಗಿಡ. ಎಲೆಗಳಿಗೆ ಹಲ್ಲು ಹಲ್ಲಿನ ಅಂಚು. ಶಕೀಲಾ ನಿಂತುಬಿಟ್ಟಳು. ಹಿಪ್ಪುನೇರಳೆ ತೋಟ ಅಮ್ಮ, ನಮ್ಮೂರೇ ಐತಲ್ಲ ಎಂದಳು. ಅವಳ ಅಣ್ಣ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಿಸುವವನು, ಅವಳ ಮಾತಿಗೆ ಒಂದು ತೂಕವಿತ್ತು. ಅದು ದ್ರಾಕ್ಷಿ ಎಂದು ಹೇಳುವಷ್ಟು ಬುದ್ಧಿ ನನಗೂ ಬರಲಿಲ್ಲ. ನಮ್ಮ ಕಡೆ ದ್ರಾಕ್ಷಿ ಚಪ್ಪರದ ಮೇಲೆ ಹಬ್ಬುತ್ತದೆ, ಹೀಗೆ ಸಾಲಾಗಿ ಸೈನಿಕರಂತೆ ನಿಲ್ಲುತ್ತದೆಯೇ?

ಮನೆ ಸಿಕ್ಕಿತು. ನಂಬರು ಸರಿಯಿತ್ತು. ದೊಡ್ಡ ಮರದ ಗೇಟು ಅರ್ಧ ತೆರೆದಿತ್ತು. ನಾನು ಸೆರಗು ಸರಿಮಾಡಿಕೊಂಡು ಕಾಲೆತ್ತಿದವಳು, ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟೆ.

ಗೇಟಿನ ಮೇಲೆ ಒಂದು ಕೋಲು. ಕೋಲಿನ ತುದಿಗೆ ಹಸಿರು ಸೊಪ್ಪಿನ ಕಟ್ಟು. ಪಕ್ಕದಲ್ಲಿ ಹಗಲಿನಲ್ಲೇ ಉರಿಯುತ್ತಿರುವ ದೀಪ!

ಬಾಗಿಲಿಗೆ ಸೊಪ್ಪು ಸಿಗಿಸಿ ದೀಪ ಹಚ್ಚಿದ್ದಾರೆಂದರೆ ಏನರ್ಥ? ನಮ್ಮ ಸೀಮೆಯಲ್ಲಿ ಇದನ್ನು ಓದುವುದಕ್ಕೆ ಯಾವ ಕಾನ್ವೆಂಟೂ ಬೇಡ. ಮನೆಯೊಳಗೆ ಯಾರಿಗೋ ಅಮ್ಮ ಆಗಿದೆ, ಸಿಡುಬು ಎದ್ದಿದೆ, ಹೊರಗಿನವರು ಹೊಸ್ತಿಲು ದಾಟಬಾರದು. ಬೇವಿಲ್ಲದ ಊರಿನಲ್ಲಿ ಪಾಪ ಇರುವ ಸೊಪ್ಪನ್ನೇ ಕಟ್ಟಿದ್ದಾರೆ. ನನ್ನ ಕಣ್ಣು ತೇವವಾಯಿತು. ಎಷ್ಟು ದೂರ ಬಂದರೂ ತಾಯಂದಿರು ಒಂದೇ ರೀತಿ ಹೆದರುತ್ತಾರೆ ಅನ್ನಿಸಿತು. ಚಪ್ಪಲಿ ಬಿಟ್ಟು, ಸೊಪ್ಪಿನ ಕಟ್ಟಿಗೆ ಕೈಮುಗಿದು, ಗಲ್ಲ ತಟ್ಟಿಕೊಂಡೆ.

ಶಕೀಲಾ ಒಪ್ಪಲಿಲ್ಲ. ರೇಷ್ಮೆ ಹುಳ ಸಾಕುವ ಮನೆಗೂ ಪರರು ನುಗ್ಗದಿರಲೆಂದು ಸೊಪ್ಪು ಸಿಗಿಸುವವರಿದ್ದಾರೆ, ಇದು ಹುಳದ ಮನೆಯೇ ಎಂದಳು. ಗುಡ್ಡದ ತುಂಬ ಹಿಪ್ಪುನೇರಳೆ ಇದೆ, ಒಳಗಿನಿಂದ ಹುಳಿ ಹುಳಿ ವಾಸನೆ ಬೇರೆ ಬರುತ್ತಿದೆ ಎಂದಳು. ವಾಸನೆ ಬರುತ್ತಿದ್ದುದು ನಿಜ. ಒಳಗೆ ಒಂದು ನರಪಿಳ್ಳೆಯ ಸದ್ದಿಲ್ಲದ್ದೂ ನಿಜ. “ಹುಳ ಜ್ವರಕ್ಕೆ ಕೂತಿರ್ಬೇಕು ಅಮ್ಮ. ಸೆಂಟ್ ಬೇರೆ ಹಾಕ್ಕೊಂಡಿದೀರ, ಒಳಗೋದ್ರೆ ಎಲ್ಲಾ ಸತ್ತೋಯ್ತವೆ.” ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜೀವಮಾನವೆಲ್ಲ ರೇಷ್ಮೆ ಇಲಾಖೆಯವರ ಜೊತೆ ಬಾಳಿದ ನನಗೆ ಅವಳು ಹುಳದ ಪಾಠ ಹೇಳುತ್ತಿದ್ದಳು. ನಾನು ಸಿಡುಬು ಎಂದೆ, ಅವಳು ಹುಳ ಎಂದಳು. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರದೂ ಒಮ್ಮತ. ಒಳಗೆ ಹೋಗಕೂಡದು.

ಹಾಗೆಂದು ವಾಪಸು ಹೋಗುವುದೆಂತು? ಆರ್ಡರು? ಎದುರಿಗೇ ಮರದ ಕೆಳಗೆ ಒಂದು ಬೆಂಚಿತ್ತು. ಮಾರ್ಥಾ ಯಾವುದಕ್ಕಾದರೂ ಹೊರಗೆ ಬರುತ್ತಾಳೆ, ಆಗ ರಸ್ತೆಯಲ್ಲೇ ನಿಂತು ಮಾತಾಡಿದರಾಯಿತು ಎಂದು ಅಲ್ಲಿ ಕೂತೆವು. ಅಮ್ಮ ಬಂದ ಮನೆಯವರನ್ನು ಹೆಸರು ಹಿಡಿದು ಕೂಗಬಾರದು, ಆದ್ದರಿಂದ ಕೂಗಲಿಲ್ಲ. ಮಾರ್ಥಾಳ ಫೋನ್ ನಂಬರಿದ್ದ ಕಾರ್ಡು ಹೋಟೆಲಿನಲ್ಲಿತ್ತು.

ಕೂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಅಷ್ಟರಲ್ಲಿ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಗಾಡಿಯಲ್ಲಿ ಹಸುಗೂಸು. ನಗುನಗುತ್ತಾ ಸೀದಾ ಆ ಗೇಟಿನ ಕಡೆಗೇ ಹೊರಟರು!

ಹಸುಗೂಸು! ನಾನು ಓಡಿದೆ. ಸಂಧಿವಾತದ ಮೊಣಕಾಲು ಅಷ್ಟು ಬೇಗ ಓಡಬಲ್ಲದು ಎಂದು ನನಗೇ ಗೊತ್ತಿರಲಿಲ್ಲ. ಗೇಟಿಗೆ ಅಡ್ಡ ನಿಂತು, ಅಂಗೈ ಎತ್ತಿ, ಸಿಸ್ಟರುಗಳು ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, “ಐ ರಿಗ್ರೆಟ್ ಟು ಇನ್ಫಾರ್ಮ್ ಯು” ಎಂದು ಶುರು ಮಾಡಿದೆ. ಆಮೇಲೆ ಒಂದು ಕ್ಷಣ ಯೋಚಿಸಿದೆ. ಸಿಡುಬು ಎಂದರೆ ಶಕೀಲಾಳಿಗೆ ಬೇಜಾರು, ಹುಳ ಎಂದರೆ ನನ್ನ ಮನಸ್ಸು ಒಪ್ಪದು. ಇಬ್ಬರಿಗೂ ಸಲ್ಲುವಂತೆ, ಒಳಗೆ ಜ್ವರವಿದೆ ಎಂದುಬಿಟ್ಟೆ.

ಗಂಡನಿಗೆ ಇಂಗ್ಲಿಷ್ ಬರುತ್ತಿತ್ತು. ಹೌದೇ, ಯಾರಿಗೆ ಎಂದ. ಎಲ್ಲರಿಗೂ ಎಂದೆ. ಹುಳಗಳೆಂದರೆ ಒಂದೆರಡು ಇರುತ್ತವೆಯೇ? ಅವರು ಗಾಡಿ ತಿರುಗಿಸಿದ ರಭಸಕ್ಕೆ ಮಗು ಎದ್ದು ಅತ್ತಿತು.

ಅವರ ಹಿಂದೆ ಒಂದು ವಯಸ್ಸಾದ ಜೋಡಿ ಬಂತು. ಅವರಿಗೂ ತಿಳಿಸಿದೆ. ಆಮೇಲೆ ಹುಡುಗರ ಗುಂಪು. ಸಂಜೆಯಾದಂತೆ ಜನವೋ ಜನ. ಅಮ್ಮ ಬಂದ ಮನೆಗೆ ಇಷ್ಟೊಂದು ಜನ ಯಾಕೆ ಬರುತ್ತಾರೆ ಎಂಬ ಪ್ರಶ್ನೆ ಒಮ್ಮೆ ತಲೆಗೆ ಬಂದದ್ದು ಹೌದು. ರೋಗಿಯನ್ನು ನೋಡಿಹೋಗಲು ಬಂದ ನೆಂಟರು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಇಂಗ್ಲಿಷ್ ಬರದವರಿಗೆ ಶಕೀಲಾ ಅಭಿನಯಿಸಿ ತೋರಿಸುತ್ತಿದ್ದಳು. ಹಣೆ ಮುಟ್ಟಿಕೊಂಡು, ನಡುಗಿ, ತಲೆಯನ್ನು ಒಂದು ಕಡೆ ವಾಲಿಸಿ ಕಣ್ಣು ಮುಚ್ಚುತ್ತಿದ್ದಳು. ಅವಳು ಹುಳ ಜ್ವರಕ್ಕೆ ಮಲಗುವುದನ್ನು ತೋರಿಸುತ್ತಿದ್ದಳಂತೆ. ನೋಡಿದವರು ಯಾರೋ ತೀರಿಕೊಂಡರು ಎಂದು ತಿಳಿದರು. ಒಬ್ಬ ಮುದುಕ ಹ್ಯಾಟು ತೆಗೆದು ಎದೆಗಿಟ್ಟುಕೊಂಡು ಒಂದು ನಿಮಿಷ ಮೌನವಾಗಿ ನಿಂತು ಹೋದ.

ಕತ್ತಲಾಯಿತು. ಮಾರ್ಥಾ ಬರಲಿಲ್ಲ. ಬರುವುದಿಲ್ಲ, ರೋಗಿಯನ್ನು ಬಿಟ್ಟು ಹೇಗೆ ಬಂದಾಳು? ಅಂಥ ಮನೆಗೆ ತಂಪಾದದ್ದು ಏನಾದರೂ ಕೊಡಬೇಕೆಂದು ಮೂಲೆಯ ಅಂಗಡಿಯಿಂದ ಮೊಸರಿನ ಡಬ್ಬಿ ತಂದು ಗೇಟಿನ ಬುಡದಲ್ಲಿ ಇಟ್ಟೆವು. ಶಕೀಲಾ ಒಂದು ಗಿಲಕಿಯನ್ನೂ ಇಟ್ಟಳು. ಪಾಪ, ಅವರ ಕಷ್ಟದ ಮುಂದೆ ನಮ್ಮ ಆರ್ಡರ್ ಏನ್ ದೊಡ್ದು ಅಮ್ಮ ಎಂದಳು, ಟ್ರಾಮಿನ ಕೊನೆಯ ಸ್ಟಾಪಿನಲ್ಲಿ. ಮೂಗು ಒರೆಸಿಕೊಂಡಳು.

ಮರುದಿನ ಮೇಳದ ಕೊನೆಯ ದಿನ. ಬಾಗಿಲು ತೆರೆಯುತ್ತಿದ್ದಂತೆ ಮಾರ್ಥಾ ಬಂದಳು. ಜೊತೆಗೆ ಅವಳ ತಮ್ಮ ಫ್ರಾಂಜ್, ಬಾಗಿಲ ಚೌಕಟ್ಟು ತುಂಬುವ ಆಳು. ಅವನ ಕೈಯಲ್ಲಿ ಮೊಸರಿನ ಡಬ್ಬಿ. ನಾನು ಮುಖದಲ್ಲಿ ಸಹಾನುಭೂತಿ ತಂದುಕೊಂಡು, ಪೇಷೆಂಟ್ ಹೇಗಿದ್ದಾರೆ ಎಂದೆ.

“ಯಾವ ಪೇಷೆಂಟ್?” ಎಂದಳು ಮಾರ್ಥಾ.

ಆಮೇಲೆ ಅವಳು ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದ್ದಿಷ್ಟು. ಆ ಗುಡ್ಡ ದ್ರಾಕ್ಷಿ ತೋಟ. ಫ್ರಾಂಜ್ ತನ್ನ ಬೆಳೆಯ ಹೊಸ ವೈನನ್ನು ಮನೆಯ ಅಂಗಳದಲ್ಲೇ ಬೆಂಚು ಹಾಕಿ ಮಾರುತ್ತಾನೆ. ಮಾರಾಟವಿರುವ ದಿನ ಗೇಟಿಗೆ ಸೊಪ್ಪಿನ ಕಟ್ಟು ಸಿಗಿಸಿ ದೀಪ ಹಚ್ಚುವುದು ಅಲ್ಲಿಯ ತಲೆತಲಾಂತರದ ವಾಡಿಕೆ. ಸೊಪ್ಪು ಕಂಡರೆ ಅರ್ಥ ಒಂದೇ, ಎಲ್ಲರೂ ಒಳಗೆ ಬನ್ನಿ. ನಿನ್ನೆ ಈ ಸಲದ ಮೊದಲ ದಿನ. ಅಡುಗೆ ಮಾಡಿಕೊಂಡು, ಹಿಂದಿನ ಕೋಣೆಯಲ್ಲಿ ನಮಗಾಗಿ ಟೇಬಲ್ ಹಾಕಿಕೊಂಡು ಅಕ್ಕತಮ್ಮ ಇಬ್ಬರೂ ಕಾದರು. ಒಂದು ನೊಣವೂ ಬರಲಿಲ್ಲ. ಬೆಳಗ್ಗೆ ಮಾತ್ರ ನೆರೆಹೊರೆಯವರು ಬಂದರು, ಪಾತ್ರೆಯಲ್ಲಿ ಸೂಪು ತೆಗೆದುಕೊಂಡು. ಒಬ್ಬರು ಹೆಣಕ್ಕಿಡುವ ಹೂವಿನ ಚಕ್ರವನ್ನೇ ತಂದಿದ್ದರು!

ನಾನು ವಿವರಣೆ ಕೊಟ್ಟೆ. ಸೀರೆಯುಟ್ಟ ಮುದುಕಿಯೊಬ್ಬಳು ಯುರೋಪಿನ ಮಧ್ಯದಲ್ಲಿ ನಿಂತು ಸಿಡುಬು, ಬೇವು, ಮೊಸರು, ರೇಷ್ಮೆ ಹುಳದ ನಾಲ್ಕನೇ ಜ್ವರ ಇಷ್ಟನ್ನೂ ಶುದ್ಧವಾದ ವ್ಯಾಕರಣದಲ್ಲಿ ವಿವರಿಸಿದ್ದು ಇತಿಹಾಸದಲ್ಲಿ ಅದೇ ಮೊದಲಿರಬೇಕು. ಮಾರ್ಥಾಳ ತುಟಿ ಅದುರಿತು, ನಗುವೋ ಸಿಟ್ಟೋ ತಿಳಿಯಲಿಲ್ಲ. ಅಕ್ಕನಿಂದ ಭಾಷಾಂತರ ಕೇಳಿದ ಫ್ರಾಂಜ್ ನಗಲಿಲ್ಲ. ಇವತ್ತೂ ಜನ ಬರುವುದಿಲ್ಲ, ಊರೆಲ್ಲ ಸುದ್ದಿ ಹಬ್ಬಿದೆ ಎಂದ. ಮಾರ್ಥಾ ಆರ್ಡರಿನ ಮಾತೇ ಎತ್ತಲಿಲ್ಲ.

ಶಕೀಲಾ ನನ್ನ ಸೆರಗು ಎಳೆದಳು. “ಕೆಡ್ಸಿದೋರು ನಾವು, ಸರಿ ಮಾಡೋರೂ ನಾವೇ ಅಂತ ಹೇಳಿ ಅಮ್ಮ. ಇವತ್ತು ಸಾಯಂಕಾಲ ಬತ್ತೀವಿ ಅನ್ನಿ.”

ಆ ಸಂಜೆ ಅದೇ ಗೇಟಿನಲ್ಲಿ ಮತ್ತೆ ನಿಂತೆ. ಈ ಸಲ ಜನರನ್ನು ಒಳಗೆ ಕರೆಯುವ ಕೆಲಸ. ಬಂದವರಿಗೆಲ್ಲ ಮುಗುಳ್ನಕ್ಕು, ದಯವಿಟ್ಟು ಬನ್ನಿ, ಒಳಗೆ ಯಾರಿಗೂ ಕಾಯಿಲೆಯಿಲ್ಲ ಎಂದು ಹೇಳತೊಡಗಿದೆ. ಜನ ಇನ್ನೂ ದೂರದಿಂದಲೇ ವಾಪಸಾದರು. ಯೋಚಿಸಿ ನೋಡಿ, ಚನ್ನಪಟ್ಟಣದ ಹೋಟೆಲಿನ ಬಾಗಿಲಲ್ಲಿ ಅಪರಿಚಿತ ಮುದುಕಿಯೊಬ್ಬಳು ನಿಂತು, ಬನ್ನಿ ಸ್ವಾಮಿ, ಇಲ್ಲಿ ಯಾರೂ ಸತ್ತಿಲ್ಲ ಎಂದರೆ ನೀವು ಇಡ್ಲಿ ತಿನ್ನುತ್ತೀರಾ? ನಾನು ಹೆಚ್ಚು ಹೆಚ್ಚು ಭರವಸೆ ಕೊಟ್ಟಷ್ಟೂ ರಸ್ತೆ ಹೆಚ್ಚು ಹೆಚ್ಚು ಖಾಲಿಯಾಯಿತು. ಫ್ರಾಂಜ್ ಕಿಟಕಿಯಿಂದ ನೋಡಿ, ತಲೆ ಕೈಯಲ್ಲಿ ಹಿಡಿದುಕೊಂಡ.

ಶಕೀಲಾ ನನ್ನನ್ನು ಬೆಂಚಿಗೆ ಕಳಿಸಿದಳು. ಒಸಿ ಸುಮ್ನೆ ಕೂತ್ಕೊಳಿ ಅಮ್ಮ ಎಂದಳು. ನನ್ನ ಇಂಗ್ಲಿಷಿಗೆ ಅಷ್ಟು ನಯವಾದ ಅವಮಾನ ಅದುವರೆಗೆ ಆಗಿರಲಿಲ್ಲ. ಅವಳು ಚೀಲ ಬಿಚ್ಚಿ, ಗೇಟಿನ ಒಳಗಿನ ಕಲ್ಲು ಹಾಸಿನ ಮೇಲೆ ಕೂತು, ಬುಗುರಿಗಳನ್ನು ಒಂದೊಂದಾಗಿ ಆಡಿಸಿದಳು. ಕೆಂಪು, ಹಳದಿ, ಹಸಿರು. ಗುಂಯ್ ಎನ್ನುವ ಸದ್ದು ರಸ್ತೆಗೆ ಕೇಳಿಸಿತು. ಮೊದಲು ಒಂದು ಮಗು ತಾಯಿಯ ಕೈ ಬಿಡಿಸಿಕೊಂಡು ಒಳಗೆ ಬಂತು, ಮಗುವನ್ನು ಹಿಡಿಯಲು ತಾಯಿ, ತಾಯಿಯನ್ನು ಕರೆಯಲು ತಂದೆ. ತಂದೆಗೆ ಬಾಯಾರಿತ್ತು. ದೀಪ ಚೆನ್ನಾಗಿ ಬೆಳಗುವ ಹೊತ್ತಿಗೆ ಬೆಂಚುಗಳೆಲ್ಲ ತುಂಬಿ ಕೆಲವರು ನಿಂತೇ ಕುಡಿಯುತ್ತಿದ್ದರು. ಹಿಂದಿನ ದಿನ ಹ್ಯಾಟು ತೆಗೆದು ಮೌನ ಆಚರಿಸಿದ್ದ ಮುದುಕನೂ ಬಂದ. ಫ್ರಾಂಜನನ್ನು ಜೀವಂತ ಕಂಡು ಅಪ್ಪಿಕೊಂಡು, ಎರಡು ಗ್ಲಾಸು ಹೆಚ್ಚಿಗೆ ಕುಡಿದ.

ನಮಗೆ ದ್ರಾಕ್ಷಿ ರಸ ಕೊಟ್ಟರು. ನಿನ್ನೆ ತಣ್ಣಗಾಗಿದ್ದ ಊಟವನ್ನು ಬಿಸಿ ಮಾಡಿ ಬಡಿಸಿದರು. ಫ್ರಾಂಜ್ ಅಕ್ಕನ ಕಿವಿಯಲ್ಲಿ ಏನೋ ಹೇಳಿದ. ನಾನು ಗೇಟಿನಲ್ಲಿ ನಿಂತ ಭಂಗಿಯನ್ನು ಮಾಡಿ ತೋರಿಸಿದ. ಬೆನ್ನು ನೆಟ್ಟಗೆ, ಅಂಗೈ ಮೇಲೆ, ಮೂಗಿನ ತುದಿಗೆ ಕನ್ನಡಕ. ಅಂಗಳವೆಲ್ಲ ನಕ್ಕಿತು. ಆಗ ಮಾರ್ಥಾಳೂ ನಕ್ಕಳು, ಕಣ್ಣು ಒರೆಸಿಕೊಂಡು ಶಕೀಲಾಳ ಪಕ್ಕ ಬಂದು ಕೂತಳು. ಗಿಲಕಿ, ಬುಗುರಿ, ಉಂಗುರ ಎಲ್ಲವೂ ಬೇಕು, ಪ್ರತಿ ವರ್ಷ ಬೇಕು ಎಂದಳು. ನಾನು ಭಾಷಾಂತರ ಮಾಡುವ ಮೊದಲೇ ಶಕೀಲಾಳಿಗೆ ಅರ್ಥವಾಗಿ ಅವಳು ನನ್ನ ಭುಜಕ್ಕೆ ಮುಖವಿಟ್ಟಳು. ಶೆಡ್ಡು ಉಳಿಯಿತು.

ಕೊನೆಯಲ್ಲಿ ಫ್ರಾಂಜ್ ತನ್ನದೂ ಒಂದು ಆರ್ಡರ್ ಇದೆ ಎಂದ. ತನ್ನ ಗೇಟಿಗೆ ಒಂದು ಮರದ ಗೊಂಬೆ ಬೇಕಂತೆ. ಯಾವ ಗೊಂಬೆ ಎಂದು ನಾನೇ ಭಾಷಾಂತರಿಸಿ ಹೇಳಬೇಕಾಯಿತು!

ಊರಿಗೆ ಬಂದ ಮೇಲೆ ಶೆಡ್ಡಿನಲ್ಲಿ ಆರ್ಡರಿನ ಕೆಲಸ ಶುರುವಾಯಿತು. ಮೊದಲು ಕಡೆದದ್ದು ಆ ಗೊಂಬೆಯನ್ನೇ. ಮೈ ಒಂದು ತುಂಡು, ಎತ್ತಿದ ಕೈ ಬೇರೆ ತುಂಡು. ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತು, ಮೂಗು ಇನ್ನೊಂಚೂರು ಉದ್ದ ಐತೆ, ಗತ್ತು ಇನ್ನೂ ಬಂದಿಲ್ಲ ಎಂದು ಸಲಹೆ ಕೊಡುತ್ತಿದ್ದರು. ನನ್ನನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿದ್ದರು. ಮೂಲೆಯಲ್ಲಿ ವ್ಯಾನು ಹಾರ್ನ್ ಹೊಡೆದು ಹೊಡೆದು ಹೋಯಿತು, ಶೆಡ್ಡಿನಿಂದ ಯಾರೂ ಏಳಲಿಲ್ಲ. ಗೊಂಬೆಯನ್ನು ನೋಡಲು ಬಂದ ಯಜಮಾನರು ಅದರ ಸುತ್ತ ಒಂದು ಸುತ್ತು ಬಂದು, “ಚೆನ್ನಾಗಿ ಬಂದೈತೆ. ಅಡುಗೆಮನೆ ಬಾಗ್ಲಲ್ಲಿ ದಿನಾ ಹಿಂಗೇ ನಿಂತಿರ್ತಾಳೆ” ಎಂದರು.

ಗೊಂಬೆ ವಿಮಾನ ಹತ್ತಿ ಹೋಗಿ, ಸೊಪ್ಪಿನ ಕಟ್ಟಿನ ಕೆಳಗೆ ಗೇಟಿನ ಪಕ್ಕ ನಿಂತಿತು. ಪರದೇಶದ ಬೋರ್ಡುಗಳನ್ನು ಓದಿ ಬರುತ್ತೇನೆಂದು ಹೊರಟವಳು ಪರದೇಶದಲ್ಲೊಂದು ಬೋರ್ಡಾಗಿ ನಿಂತೆ. ಅದಾದರೂ ಒಂದು ಗೌರವವೇ ಎಂದು ನಾನು ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ. ಮುಂದಿನ ಬೇಸಿಗೆಯಲ್ಲಿ ಮಾರ್ಥಾ ಫೋನ್ ಮಾಡಿದಾಗ, ಜನ ನನ್ನ ಗೊಂಬೆಯನ್ನು ನೋಡಿ ಏನನ್ನುತ್ತಾರೆ ಎಂದು ಆದಷ್ಟು ಉದಾಸೀನದ ದನಿಯಲ್ಲಿ ಕೇಳಿದೆ.

ಊರಿನವರಿಗೆಲ್ಲ ಅದರ ಕತೆ ಗೊತ್ತಂತೆ. ಹೊರಗಿನಿಂದ ಬರುವ ಪ್ರವಾಸಿಗಳಿಗೆ ಮಾತ್ರ ಗೊತ್ತಾಗುವುದಿಲ್ಲ. ಮಾರ್ಥಾ, ಐ ರಿಗ್ರೆಟ್ ಟು ಇನ್ಫಾರ್ಮ್ ಯು ಎಂದು ನನ್ನ ಮಾತನ್ನೇ ನನಗೆ ತಿರುಗಿಸಿದಳು.

ಲಂಗದ ಹಾಗೆ ಕಾಣುವ ಸೀರೆಯನ್ನೂ ಎತ್ತಿದ ಕೈಯನ್ನೂ ನೋಡಿ, ಹೆಂಗಸರ ಶೌಚಾಲಯಕ್ಕೆ ದಾರಿ ಇದೇ ಎಂದು ಅವರು ನನ್ನ ಹಿಂದೆ ಕ್ಯೂ ನಿಲ್ಲುತ್ತಾರಂತೆ.